ಡಾಕ್ಟರ ಮೇಜಿನ ಮೇಲೊಂದು ಸ್ಕ್ರೂ

ಕನ್ನಡಕದಂಗಡಿಯ ಮಾವ ಮೂವತ್ತೆಂಟು ವರ್ಷ ಒಂದೇ ಪ್ರಶ್ನೆಯ ಬಲದಿಂದ ಲೋಕವನ್ನು ಆಳಿದವರು. ಗಿರಾಕಿಯನ್ನು ಎತ್ತರದ ಕುರ್ಚಿಗೇರಿಸಿ, ಮೂಗಿನ ಮೇಲೆ ಭಾರದ ಚೌಕಟ್ಟು ಕೂರಿಸಿ, ಗಾಜು ಬದಲಿಸುತ್ತ ಕೇಳುವರು: "ಇದು ಸ್ಪಷ್ಟಾನೋ, ಅದೋ?" ಎಂಥ ದೊಡ್ಡ ಅಧಿಕಾರಿಯೂ ಅಲ್ಲಿ ಒಂದನೇ ಕ್ಲಾಸಿನ ಮಗುವಿನಂತೆ ತಡವರಿಸುತ್ತಿದ್ದ. "ಸುಮ್ನೆ ಜೋರು ನಂಬರಿಂದೇ ಕೊಟ್ಬಿಡಿ" ಎಂದವರಿಗೆ ಉತ್ತರ ಸಿದ್ಧವಿತ್ತು: "ಕೊಡ್ತೀನಿ. ಮೆಟ್ಟಿಲಲ್ಲಿ ಬೀಳ್ತೀರಿ. ಕಣ್ಣು ನಿಮ್ಮದು, ನೀವೇ ಹೇಳ್ಬೇಕು."

ಈಗ ಕುರ್ಚಿಯಲ್ಲಿ ಮಾವನೇ ಕೂತಿದ್ದರು, ಕ್ಯಾನ್ಸರ್ ಡಾಕ್ಟರ ಎದುರು. ಕರುಳಿನಲ್ಲಿ ಹುಟ್ಟಿದ ರೋಗ ಲಿವರಿಗೂ ಹಬ್ಬಿತ್ತು. ಬಲಕ್ಕೆ ಅತ್ತೆ. ಎಡಕ್ಕೆ ಮಾವನ ಅಕ್ಕ, ಮನೆಯ ದಂಡನಾಯಕಿ.

"ಇರೋದ್ರಲ್ಲೇ ಜೋರಾದ ಔಷಧಿ ಕೊಡಿ ಡಾಕ್ಟ್ರೇ," ಅಕ್ಕ ಯುದ್ಧ ಸಾರಿದರು. "ಅವನನ್ನೇನು ಕೇಳೋದು?"

"ಅಕ್ಕಾ, ಗಿರಾಕಿ ನಾನು. ಡಾಕ್ಟ್ರೇ, ಎರಡೂ ಗ್ಲಾಸು ಹಾಕಿ ತೋರಿಸಿ."

ಡಾಕ್ಟರಮ್ಮ ನಕ್ಕು ಚಿಕಿತ್ಸೆಯ ಎರಡು ದಾರಿ ತೋರಿಸಿದರು. ಎರಡರಲ್ಲೂ ರೋಗ ಪೂರ್ತಿ ಹೋಗದು. ಡ್ರಿಪ್ಪಿನ ಜೋರು ಔಷಧಿಯಿಂದ ಕೆಲವು ತಿಂಗಳು ಹೆಚ್ಚು ಸಿಗಬಹುದು. ಆದರೆ ಬೆರಳು ಜೋಮು ಹಿಡಿದು ಹಾಗೇ ಉಳಿಯಲೂಬಹುದು. ಬರೀ ಮಾತ್ರೆಯಾದರೆ ಬೆರಳಿಗೆ ಅಷ್ಟು ಅಪಾಯವಿಲ್ಲ, ಸಮಯವೂ ಬಹುಶಃ ಅಷ್ಟಿಲ್ಲ.

ಮಾವ ತಮ್ಮ ಬೆರಳು ನೋಡಿಕೊಂಡರು. ಸಾಸಿವೆಗಿಂತ ಚಿಕ್ಕ ಸ್ಕ್ರೂಗಳನ್ನು ಬೆರಳುದ್ದದ ಖಡ್ಗದಿಂದ ಸದೆಬಡಿದ ವೀರರು ಅವು. "ಇವು ಹೋದ್ರೆ ಅಂಗಡೀಲಿ ನಾನು ಬರೀ ಬೊಂಬೆ. ಮಾತ್ರೆ ಸಾಕು." ಆಮೇಲೆ ಅಭ್ಯಾಸಬಲದಿಂದ ಅತ್ತೆಯ ಕಡೆ ತಿರುಗಿದರು. "ನಿನಗೆ ಯಾವುದು ಸ್ಪಷ್ಟ?"

ಅತ್ತೆ ಚೀಲದ ಜಿಪ್ಪು ಎಳೆದಾಡಿದರು. "ನನಗೆ ಆ ತಿಂಗಳುಗಳು ಬೇಕು. ಸ್ಕ್ರೂ ನಾನು ಹಾಕ್ತೀನಿ."

"ನೀನಾ? ಸೂಜಿಗೆ ದಾರ ಪೋಣಿಸೋಕೂ ನನ್ನ ಕರೀತೀಯ."

"ಕಲೀತೀನಿ. ಬೈದು ಕಲಿಸೋಕೆ ನೀವಿರ್ಬೇಕಲ್ಲ."

ಮಾವನ ವಾಕ್‌ಸೈನ್ಯ ಅಲ್ಲೇ ಶಸ್ತ್ರ ಕೆಳಗಿಟ್ಟಿತು. ಸಂಧಿಯಾಯಿತು: ಜೋರು ಔಷಧಿಯೇ ಶುರು. ಆದರೆ ಡ್ರಿಪ್ಪಿನ ಪ್ರತಿ ಸುತ್ತಿಗೂ ಮುಂಚೆ ಮಾವ ಡಾಕ್ಟರ ಮೇಜಿನ ಮೇಲೆ ಒಂದು ಕನ್ನಡಕಕ್ಕೆ ಸ್ಕ್ರೂ ಹಾಕಿ ತೋರಿಸಬೇಕು. ಆಗದ ದಿನದಿಂದ ಬರೀ ಮಾತ್ರೆ. ಡಾಕ್ಟರಮ್ಮ ಅದನ್ನು ಫೈಲಿನಲ್ಲಿ ಬರೆದುಕೊಂಡು, "ಜೋಮು ಬಂದ್ರೆ ಮುಚ್ಚಿಡಬೇಡಿ ಮತ್ತೆ" ಎಂದರು.

ನಾಲ್ಕು ಸುತ್ತು ದಿಗ್ವಿಜಯ. ನಡುವೆ ಡಾಕ್ಟರಮ್ಮನ ಕನ್ನಡಕದ ಸಡಿಲ ಕಾಲೂ ಬಿಗಿಯಾಯಿತು. ಐದನೆಯ ಸಲ ಸ್ಕ್ರೂ ಬೆರಳಿಂದ ಜಾರಿತು.

"ನಿಮ್ಮ ಏಸಿ ಜಾಸ್ತಿಯಾಯ್ತು," ಎಂದರು ಮಾವ, ಅತ್ತೆಯ ಮುಖ ನೋಡುತ್ತ. "ಇನ್ನೊಂದ್ಸಲ."

ಈ ಸಲ ನೆಲಕ್ಕೇ ಬಿತ್ತು. ದಂಡನಾಯಕಿ ಮಂಡಿಯೂರಿ, ಮೇಜಿನಡಿ ತೂರಿ, ಹುಡುಕಿ ತಂದರು. ತಮ್ಮನಿಗೆ ಕೊಡದೆ ಅತ್ತೆಯ ಅಂಗೈಗೆ ಹಾಕಿದರು.

"ಗ್ಲಾಸು ಬದಲಿಸಿ ಡಾಕ್ಟ್ರೇ," ಎಂದರು ಸೀರೆಯ ಧೂಳು ಕೊಡವುತ್ತ.

ಡಾಕ್ಟರಮ್ಮ ಮಾವನನ್ನೇ ನೋಡಿದರು. "ನೀವೇನಂತೀರಿ?"

"ಹೌದು. ಬದಲಿಸಿ."

ಅಷ್ಟರಲ್ಲಿ ಅತ್ತೆ ಕನ್ನಡಕವನ್ನು ತಮ್ಮತ್ತ ಎಳೆದುಕೊಂಡಿದ್ದರು. ಮೂರನೆಯ ಯತ್ನಕ್ಕೆ ಸ್ಕ್ರೂ ಹೇಗೋ ಕೂತಿತು.

ಮಾವ ಬಗ್ಗಿ ನೋಡಿದರು. "ಓರೆಯಾಗಿದೆ. ಬಿಚ್ಚು, ಇನ್ನೊಂದ್ಸಲ ಹಾಕು."