ಮುಖಪುಟದ ಮೇಲಿನ ಕುಂಕುಮ

ಹಳೆಯ ಕಾಮಿಕ್ಸ್ ಪುಸ್ತಕಗಳಿಗೆ ಬೆಲೆ ಕಟ್ಟುವಾಗ ಕೈ ನಡುಗುತ್ತದೆ ಎಂದರೆ ಜನ ನಗುತ್ತಾರೆ. ನಾನು ಮೊದಲೇ ಪುಕ್ಕಲ. ಕೊಟ್ಟೂರಿನ ಬಸ್‌ಸ್ಟ್ಯಾಂಡ್ ಹತ್ತಿರದ ನನ್ನ ಬೈಂಡಿಂಗ್ ಅಂಗಡಿಗೆ ಯಾರಾದರೂ ಟ್ರಂಕಿನಲ್ಲಿದ್ದ ಕಟ್ಟು ತಂದಿಟ್ಟರೆ, ಬಿಚ್ಚುವ ಮೊದಲೇ ಅಂಗೈ ಬೆವರುತ್ತದೆ. ಒರೆಸಿಕೊಳ್ಳದೆ ಮುಟ್ಟಿದರೆ ಕಲೆ ನನ್ನದೇ. ನಲವತ್ತು ವರ್ಷದ ಕಾಗದ ಹಪ್ಪಳವಿದ್ದಂತೆ, ತಿರುವುವಾಗ ಚುರ್ರೆಂದರೆ ನನ್ನ ಜೀವ ಬಾಯಿಗೆ ಬರುತ್ತದೆ.

ಆದರೂ ಬಿಟ್ಟಿಲ್ಲ. ಮೊದಲು ಪುಸ್ತಕದ ಬೆನ್ನು ನೋಡುತ್ತೇನೆ, ಆಮೇಲೆ ಪಿನ್ನಿನ ತುಕ್ಕು, ಮೂಲೆಗಳು. ಪುಟಗಳನ್ನು ಎಣಿಸಲೇಬೇಕು, ನಡುವಿನ ದೊಡ್ಡ ಚಿತ್ರವನ್ನು ಯಾವುದೋ ಕಾಲದಲ್ಲಿ ಕಿತ್ತು ಗೋಡೆಗೆ ಅಂಟಿಸಿರುತ್ತಾರೆ. ಕೊನೆಗೆ ಮುಖಪುಟದ ಮೇಲಿನ ಕಲೆ, ಕೊಳೆ. ದೂರದೂರಿನ ಸಂಗ್ರಾಹಕರು ಫೋನಿನಲ್ಲಿ ಫೋಟೋ ತರಿಸಿಕೊಂಡು ಮೊದಲು ಕೇಳುವುದು ಅದನ್ನೇ. ನಮ್ಮ ಸೀಮೆಯ ಪುಸ್ತಕಗಳಲ್ಲಿ ಆ ಕಲೆಯೂ ಬೇರೆಯೇ ಬಗೆಯದು. ಮಹಾನವಮಿಗೆ ಕುಡಗೋಲು, ಕುಂಟೆಗಳ ಜೊತೆ ಮಕ್ಕಳ ಪುಸ್ತಕಗಳನ್ನೂ ಪೂಜೆಗಿಟ್ಟು ವಿಭೂತಿ, ಕುಂಕುಮ ಹಚ್ಚುತ್ತಾರೆ. ಓದು ಬಾರದ ತಾಯಂದಿರಿಗೆ ಪಾಠದ ಪುಸ್ತಕ ಯಾವುದು, ಕಾಮಿಕ್ಸ್ ಯಾವುದು? ಎಲ್ಲವೂ ಸರಸ್ವತಿಯೇ.

ಕಳೆದ ಬೇಸಿಗೆಯಲ್ಲಿ ಹರಪನಹಳ್ಳಿ ಕಡೆಯ ಒಬ್ಬ ಹೆಣ್ಣುಮಗಳು ಬಂದರು. ಅಂಗನವಾಡಿಯಲ್ಲಿ ಕೆಲಸ, ವಯಸ್ಸು ಐವತ್ತರ ಹತ್ತಿರ. ಚಿಕ್ಕಂದಿನಲ್ಲಿ ತಾವೂ ತಮ್ಮನೂ ಓದಿದ ಹದಿನೇಳು ಪುಸ್ತಕಗಳು ಅವರ ಚೀಲದಲ್ಲಿದ್ದವು.

“ಅಣ್ಣಾರ, ಇವಕ್ಕ ಏನಾರ ಬೆಲಿ ಐತೇನು ನೋಡ್ರಿ. ಮಾರಿಬಿಡು ಅಂತಾನ ನನ್ನ ತಮ್ಮ. ನಾನು ಉಚ್ಚಂಗೆಮ್ಮನ ಗುಡಿಗೆ ಹೋಗಿ ನಾಡದು ಬರ್ತೀನಿ” ಎಂದು ಇಟ್ಟು ಹೋದರು.

ಮೇಲಿನ ಪುಸ್ತಕ ನೋಡಿಯೇ ಅಂಗೈ ಒರೆಸಿಕೊಂಡೆ. ಮೊದಲ ಮುದ್ರಣ. ಪಿನ್ನಿಗೆ ತುಕ್ಕಿಲ್ಲ, ಒಂದು ಮೂಲೆಯೂ ಮಡಚಿಲ್ಲ. ಮುಖಪುಟದ ನಡುವೆ ಕುಂಕುಮದ ಒಂದು ಬೊಟ್ಟು ಮಾತ್ರ. ಎಂದಿನಂತೆ ಫೋಟೋ ತೆಗೆದೆ. ಈ ಬೊಟ್ಟು ಹೋದರೆ ಬೆಲೆ ಇಮ್ಮಡಿಯಾದೀತು ಅನ್ನಿಸಿತು. ಕೇಳದೆ ಉಪಕಾರ ಮಾಡುವ ಚಟ ನನ್ನದು.

ಹಡಗಲಿಯಲ್ಲಿ ನನಗೆ ಬೈಂಡಿಂಗ್ ಕಲಿಸಿದ ಗುರುಗಳು ಕೊಳೆ ಹಿಡಿದ ರಟ್ಟಿನ ಮೇಲೆ ಗೋಧಿ ಹಿಟ್ಟಿನ ಗಟ್ಟಿ ಉಂಡೆ ಉರುಳಿಸುತ್ತಿದ್ದರು, ಕೊಳೆ ಹಿಟ್ಟಿಗೆ ಹತ್ತಿಕೊಂಡು ಬರುತ್ತಿತ್ತು. ಅಂಗಡಿಯ ಹಿಂದೆಯೇ ಮನೆ. ಹೆಂಡತಿ ರೊಟ್ಟಿಗೆ ಜೋಳದ ಹಿಟ್ಟು ನಾದುತ್ತಿದ್ದಳು. ಹಿಟ್ಟು ಯಾವುದಾದರೇನು ಎಂದು ಒಂದು ಚೂರು ಚಿವುಟಿಕೊಂಡು ಬಂದು ಉರುಳಿಸಿದೆ. ಜೋಳದ ಹಿಟ್ಟನ್ನು ಬಿಸಿನೀರಿನಲ್ಲಿ ನಾದಿರುತ್ತಾರೆ, ಅದಕ್ಕೆ ಜಿಗುಟೂ ಇಲ್ಲ. ಕುಂಕುಮ ಒದ್ದೆಯಾಗಿ ಹರಡಿತು. ಗಾಬರಿಯಿಂದ ಇನ್ನಷ್ಟು ಒತ್ತಿದೆ. ಕಾಗದದ ನುಣುಪು ಎದ್ದುಬಂತು, ಉಳಿದದ್ದು ಮಾಸಲು ಹಳದಿ ಕಲೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಅದೇ ಮಧ್ಯಾಹ್ನ ಆಕೆಯ ಫೋನು.

“ಅಣ್ಣಾರ, ಒಂದು ಮಾತು ಹೇಳಾದು ಮರತಿದ್ದೆ. ಮ್ಯಾಲಿನ ಪುಸ್ತಕದ ಕುಂಕುಮ ಮುಟ್ಟಬ್ಯಾಡ್ರಿ. ಹೋದ ವರ್ಷ ತೀರಿಕೊಂಡ್ಳಲ್ರಿ ನಮ್ಮವ್ವ, ಅಕಿ ಕಡೀ ಮಾರ್ನಮಿಗೆ ಹಚ್ಚಿದ್ದು. ಅಕಿ ಬಟ್ಟಿನ ಗುರುತು ಐತಿ ಅದರಾಗ. ಅದೊಂದು ಮಾರಂಗಿಲ್ಲ, ನಾನ ಇಟ್ಕಂತೀನಿ.”

“ಹೂನ್ರಿ” ಎಂದೆ.

ಫೋನಿನಲ್ಲಿದ್ದ ಫೋಟೋ ದೊಡ್ಡದು ಮಾಡಿ ನೋಡಿದೆ. ಕುಂಕುಮದಲ್ಲಿ ಸಣ್ಣ ಸಣ್ಣ ಗೆರೆಗಳು, ಒಂದು ಬೆರಳಿನ ತುದಿ. ಆ ಎರಡು ದಿನ ಹರಪನಹಳ್ಳಿ ಕಡೆಯ ಬಸ್ಸು ನಿಂತಾಗಲೆಲ್ಲ ಬೆಚ್ಚಿದೆ. ಹೆದರಿದವನು ಏನೇನು ಯೋಚಿಸುತ್ತಾನೋ, ಕೊನೆಗೆ ಹೆಂಡತಿಯ ಕುಂಕುಮದ ಭರಣಿ ತೆರೆದು ನನ್ನ ಬೆರಳನ್ನೇ ಅದ್ದಿದೆ. ಆ ಕಲೆಯ ಮೇಲೆ ಒಂದು ಬೊಟ್ಟು ಇಟ್ಟರೆ ಯಾರಿಗೆ ತಿಳಿಯುತ್ತದೆ?

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು, ಅವಳಿಗೆ ಮೊದಲೇ ಎಲ್ಲ ಹೇಳಿಕೊಂಡಿದ್ದೆ. “ಸತ್ತೋರ ಬಟ್ಟು ಕಳವು ಮಾಡ್ತೀರೇನು?” ಎಂದಳು. ಬೆರಳು ತೊಳೆದುಕೊಂಡೆ.

ಮೂರನೆಯ ದಿನ ಅವರು ಬಂದರು, ಹಣೆಯಲ್ಲಿ ಭಂಡಾರ, ಕೈಯಲ್ಲಿ ನನಗೆಂದೇ ತಂದ ಪ್ರಸಾದ. ಆ ಪ್ರಸಾದ ನೋಡಿ ಭಯ ಇನ್ನೂ ಹೆಚ್ಚಾಯಿತು. ಪುಸ್ತಕ ಮುಂದಿಟ್ಟು ನಡೆದದ್ದನ್ನೆಲ್ಲ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

“ಫೋಟೋ ಐತ್ರಿ ಅಕ್ಕಾರ, ದೊಡ್ಡದು ಮಾಡಿಸಿ ಕೊಡ್ತೀನಿ” ಎಂದೆ.

“ಫೋಟೋದಾಗ ಅವ್ವ ಬೇಕಾದಷ್ಟು ಅದಾಳ್ರಿ. ಇದರ ಮ್ಯಾಲ ಬಟ್ಟಿಟ್ರ ಅಕೀನ ಮುಟ್ಟಿದಂಗ ಆಗ್ತಿತ್ತು.”

ಹಳದಿ ಕಲೆಯ ಮೇಲೆ ಅವರು ಬೆರಳಿಟ್ಟರು. ಆಮೇಲೆ ತಲೆ ಎತ್ತದೆ ಕೇಳಿದರು.

“ಈಗ ಇದಕ್ಕ ಬೆಲಿ ಹೆಚ್ಚಾತೇನ್ರಿ?”

“ಇಲ್ರಿ. ಕಾಗದ ಎದ್ದೈತಿ. ಕಡಿಮಿ ಆತು.”

ಹದಿನಾರು ಪುಸ್ತಕಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡರು. ಉಳಿದ ಒಂದನ್ನು ಮೇಜಿನ ಮೇಲೆ ನನ್ನ ಕಡೆ ಸರಿಸಿದರು.

“ಇದನ್ನ ನೀವ ಇಟ್ಕಳ್ರಿ” ಎಂದು ಮೆಟ್ಟಿಲಿಳಿದು ಹೋದರು.