ಬನ್ನಿನ ಒಲೆಯಲ್ಲಿ ಬೆಂದ ಜೀಪಿನ ಚೌಕಟ್ಟು

ನನಗೆ ಮೊಮ್ಮಗಳು ಹುಟ್ಟಿದಳು. ತಾಯಿ, ಮಗು ಇಬ್ಬರೂ ಕ್ಷೇಮ. ಅರವತ್ತರ ದಶಕದ ಮಾತು. ಈಗಲೂ ಯಾರೇ ಸಿಕ್ಕರೂ ಮೊದಲು ಇದನ್ನೇ ಹೇಳಬೇಕು ಅನ್ನಿಸುತ್ತದೆ. ಅವತ್ತು ಪಟ್ಟ ಸಂಕಟ ಆಮೇಲೆ.

ಪಾವಗಡದಲ್ಲಿ ನಾನು ತಗಡಿಗೆ ಬೆಸುಗೆ ಹಾಕುವುದು, ಬಣ್ಣ ಬಳಿಯುವುದು ಮಾಡುತ್ತಿದ್ದೆ. ಅಳಿಯ ಮಿಲಿಟರಿ ಹರಾಜಿನ ಹಳೇ ಜೀಪನ್ನು ಬಾಡಿಗೆಗೆ ಓಡಿಸುತ್ತಿದ್ದ. ಅದರ ಮುಂದಿನ ಗಾಜಿನ ಚೌಕಟ್ಟು ತುಕ್ಕು ತಿಂದು ತೂತುಬಿದ್ದಿತ್ತು. ಮಗಳು ಚೊಚ್ಚಲ ಹೆರಿಗೆಗೆಂದು ನಮ್ಮ ಮನೆಗೆ ಬಂದಿದ್ದಳು. ದಿನ ತುಂಬಲು ಇನ್ನೂ ಹದಿನೈದು ದಿನವಿದೆ, ಅಷ್ಟರಲ್ಲಿ ಹೊಸದರಂತೆ ಮಾಡಿಕೊಡುತ್ತೇನೆ ಎಂದು ನಾನೇ ಚೌಕಟ್ಟನ್ನು ಬಿಚ್ಚಿಸಿದೆ.

ಬಣ್ಣವನ್ನು ಬೇಯಿಸಿದರೆ ಕಲ್ಲಿನಂತೆ ಕೂರುತ್ತದೆ ಎಂದು ಕೇಳಿದ್ದೆ. ತುಕ್ಕು ಉಜ್ಜಿ, ಬಿಂದಿಗೆಗೆ ಹಾಕುವ ಹಾಗೆ ತೂತುಗಳಿಗೆ ತವರದ ಬೆಸುಗೆ ತುಂಬಿ, ಹಸಿರು ಬಣ್ಣ ಬಳಿದೆ. ಸಿರಾದಿಂದ ಬಂದು ಬೇಕರಿ ಇಟ್ಟಿದ್ದ ಗೆಳೆಯನನ್ನು ಕಾಡಿ, ಬೆಳಿಗ್ಗೆ ಅದನ್ನು ಅವನ ಒಲೆಗೆ ತಳ್ಳಿದೆ. ಬನ್ನಿನ ತಟ್ಟೆ ಇನ್ನೂ ಒಳಗೇ ಇತ್ತು. ಜೀವಮಾನವೆಲ್ಲ ಬೆಸುಗೆ ಕರಗಿಸಿದವನು, ಅದು ಒಲೆಯಲ್ಲೂ ಕರಗುತ್ತದೆ ಎಂಬುದನ್ನೇ ಮರೆತಿದ್ದೆ. ಈಚೆಗೆ ಎಳೆದಾಗ ತೂತುಗಳೆಲ್ಲ ಬಾಯಿಬಿಟ್ಟಿದ್ದವು.

ಆಗಲೇ ಅಳಿಯ ಓಡಿಬಂದ. ಮಗಳಿಗೆ ನೋವು ಶುರುವಾಗಿತ್ತು. ಮಗುವಿನ ಕಾಲು ಮುಂದಾಗಿದೆ, ಮಧುಗಿರಿ ಆಸ್ಪತ್ರೆಗೆ ಒಯ್ಯಿರಿ ಎಂದಿದ್ದಳಂತೆ ಸೂಲಗಿತ್ತಿ. ಬಸ್ಸು ಹೋಗಿಯಾಗಿತ್ತು.

"ಗಾಜು ಕೂರಲ್ವಾ ಮಾವ?"

"ಕೂರಿಸಿದ್ರೆ ದಾರೀಲಿ ಉದುರ್ಬುಡ್ತದೆ ಕಣಪ್ಪ. ಬರೀ ಚೌಕಟ್ಟೇ ಬಿಗಿ, ಟಾರ್ಪಾಲು ಕಟ್ಟಾಕಾದ್ರೂ ಆಯ್ತದೆ. ತಪ್ಪು ನಂದು."

ಅವನು ಬೈಯದೆ ಚೌಕಟ್ಟನ್ನು ಹೊತ್ತೊಯ್ದು ಜೀಪಿಗೆ ಬಿಗಿದ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಹೊರಡುವಾಗ ಬೇಕರಿಯವನು ಬನ್ನುಗಳನ್ನೆಲ್ಲ ಪೇಪರಿನಲ್ಲಿ ಕಟ್ಟಿ ನನ್ನ ತೊಡೆಯ ಮೇಲೆ ಹಾಕಿದ.

"ಪೇಂಟ್ ವಾಸ್ನೆ ಹೊಡೀತೈತೆ, ಯಾರ್ಗೆ ಮಾರ್ಲಿ? ನೀನೇ ತಿನ್ನು ಭಾಯ್. ಬೇಟಿ ಹುಷಾರು."

ಟಾರ್ಪಾಲು ಮಗಳಿಗೆ ನೆರಳಾಯಿತು. ಆದರೆ ಗಾಜಿಲ್ಲದ ಚೌಕಟ್ಟಿನಿಂದ ದೂಳು ನೇರ ಅಳಿಯನ ಕಣ್ಣಿಗೆ ಬಡಿಯುತ್ತಿತ್ತು. ಪಕ್ಕದಲ್ಲಿ ಕೂತು ಒದ್ದೆ ಟವೆಲಿನಿಂದ ಅವನ ಮುಖ ಒರೆಸುತ್ತಲೇ ಹೋದೆ. ಹಿಂದೆ ಹೆಂಡತಿಯ ತೊಡೆಯ ಮೇಲೆ ಮಗಳು ನರಳುತ್ತಿದ್ದಳು. ನರಳಾಟ ನಿಂತಾಗ ಇನ್ನೂ ಹೆದರಿಕೆ. ತಿರುಗಿ ನೋಡುವ ಧೈರ್ಯ ನನಗೆ ಬರಲಿಲ್ಲ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಆಸ್ಪತ್ರೆಯ ನರ್ಸಮ್ಮ ಹೊರಗೆ ಬಂದು, ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ ಎಂದರು. ಎತ್ತಿಕೊಳ್ಳಲು ಹೋದರೆ ನನ್ನ ಹಸಿರು ಕೈ ನೋಡಿ ಗದರಿ ಕಳಿಸಿದರು. ನಲ್ಲಿಯ ಹತ್ತಿರ ಕೈ ಉಜ್ಜುತ್ತಾ ಎಷ್ಟು ಹೊತ್ತು ಅತ್ತೆನೋ.

ಸಂಜೆ ಮಗಳ ಮಂಚದ ಸುತ್ತ ಎಲ್ಲರೂ ಕೂತೆವು. ಅವಳಿಗೆ ಬಿಸಿ ಅನ್ನ, ನಮಗೆ ಆ ಬನ್ನು. ತನಗೂ ಒಂದು ಬೇಕೆಂದ ಮಗಳನ್ನು ಹೆಂಡತಿ ಗದರಿಸಿದಳು. ಕೆಂಪಗೆ ಊದಿದ ಕಣ್ಣಿನ ಅಳಿಯ ನಾಲ್ಕನೆಯದನ್ನು ಮುರಿಯುತ್ತಾ, "ಚೌಕಟ್ಟಿಗಿಂತ ಬನ್ನಿಗೇ ಬಣ್ಣ ಚೆನ್ನಾಗಿ ಕೂತೈತೆ ಮಾವ" ಎಂದ. ನಾನೂ ಒಂದು ತಿಂದೆ.