ರಾಗಿ ತಿನ್ನುವವರಿಗೆ ಬಾರದ ಕಾಯಿಲೆ

ಡಾಕ್ಟರೇಟ್ ಮುಗಿಸಿದ ಮೇಲೆ ನನಗೆ ಸಿಕ್ಕಿದ ಮೊದಲ ಕೆಲಸ, ಊರೂರು ತಿರುಗಿ ಜನರ ಮೂತ್ರ ತಂದು ಕುದಿಸುವುದು. ಆ ಕೆಲಸದ ಬಗ್ಗೆ ನನಗೆ ಇವತ್ತಿಗೂ ಗೌರವವಿದೆ. ಮಾಡಿಸಿದ ಮನುಷ್ಯನ ಬಗ್ಗೆ ಎಳ್ಳಷ್ಟೂ ಇಲ್ಲ.

ಆಗ ಯುದ್ಧ ನಡೆಯುತ್ತಿತ್ತು. ಬರ್ಮಾದ ಅಕ್ಕಿ ನಿಂತುಹೋಗಿ, ಜನ ರಾಗಿ ತಿನ್ನಲಿ ಎಂದು ಮದರಾಸಿನಿಂದ ಉಪದೇಶ ಬರುತ್ತಿತ್ತು. ಗಾಳಿ ಯಾವ ಕಡೆಯದೆಂದು ನಮ್ಮ ಮುಖ್ಯಸ್ಥರು ಮೂಸಿ ನೋಡಿದರು. ರಾಗಿ ತಿನ್ನುವವರಿಗೆ ಸಿಹಿಮೂತ್ರ ರೋಗ ಬರುವುದೇ ಇಲ್ಲ ಎಂಬ ಪ್ರಬಂಧವನ್ನು ಮೊದಲು ಬರೆದರು. ಆಮೇಲೆ ಪುರಾವೆ ಹುಡುಕಲು ಹೊಸೂರಿನಲ್ಲೊಂದು ಹಳೇ ಬಂಗಲೆ ಹಿಡಿದು, ಪ್ರಯೋಗಶಾಲೆ ಎಂದು ಹಲಗೆ ತೂಗುಹಾಕಿಸಿದರು. ತಾವು ಮಾತ್ರ ಜನ್ಮದಲ್ಲಿ ಮುದ್ದೆ ಮುರಿದವರಲ್ಲ. ಮಧ್ಯಾಹ್ನ ಅವರ ಕ್ಯಾರಿಯರ್ ಬಿಚ್ಚಿದರೆ ಸಣ್ಣಕ್ಕಿ ಅನ್ನ, ತುಪ್ಪದ ಘಮ. ಉಂಡು, ಕೈ ತೊಳೆದು, ಅದೇ ಮೇಜಿನ ಮೇಲೆ ರಾಗಿಯ ಮಹಿಮೆ ಬರೆಯುತ್ತಿದ್ದರು.

ಹಳ್ಳಿ ಸುತ್ತುವವನು ನಾನು. ಕನ್ನಡ, ತೆಲುಗು, ತಮಿಳು ಮೂರೂ ಬರುತ್ತಿದ್ದುದೇ ನನ್ನ ಅರ್ಹತೆ. ಪದವಿಯನ್ನು ಅವರು ಕೇಳಿದ್ದು ಹಲಗೆಯ ಮೇಲೆ ಬರೆಸುವುದಕ್ಕೆ. ಸೈಕಲ್ಲಿಗೆ ಸೀಸೆಗಳ ಪೆಟ್ಟಿಗೆ ಕಟ್ಟಿಕೊಂಡು ಮತ್ತಿಗಿರಿಗೆ, ಆಲಸನತ್ತಂಗೆ, ಬಸ್ಸಿನಲ್ಲಿ ಗುಮ್ಮಳಾಪುರದವರೆಗೂ ಹೋಗುತ್ತಿದ್ದೆ. ಗುಮ್ಮಳಾಪುರದಲ್ಲಿ ಒಬ್ಬ ಮುದುಕ ಸೀಸೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಅಷ್ಟೊಂದ್ ಓದಿ ಇದ್ಕೇ ಬಂದ್ಯೇನಪ್ಪಾ?" ಎಂದು ಕೇಳಿದ. ನಾನು ಸೀಸೆಯ ಮೇಲೆ ಅವನ ಹೆಸರು ಬರೆದುಕೊಂಡೆ.

ಪರೀಕ್ಷೆ ಸುಲಭ. ನೀಲಿ ದ್ರಾವಣಕ್ಕೆ ಕೆಲವು ಹನಿ ಮೂತ್ರ ಹಾಕಿ ಕುದಿಸಬೇಕು. ಸಕ್ಕರೆ ಇಲ್ಲದಿದ್ದರೆ ನೀಲಿ ನೀಲಿಯಾಗಿಯೇ ಉಳಿಯುತ್ತದೆ. ಇದ್ದರೆ ಹಸಿರಾಗಿ, ಹಳದಿಯಾಗಿ, ತುಂಬಾ ಇದ್ದರೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ರಾಗಿ ತಿನ್ನುವವರದೊಂದು, ಅಕ್ಕಿ ತಿನ್ನುವವರದೊಂದು ಪಟ್ಟಿ ಬರೆದಿಡುತ್ತಿದ್ದೆ. ರಾಗಿಯವರಲ್ಲಿ ತಿಂಗಳುಗಟ್ಟಲೆ ನೀಲಿಯನ್ನೇ ನೋಡಿದೆ. ಮುಖ್ಯಸ್ಥರು ಬೀಗಿದರು. ಆಮೇಲೊಂದು ದಿನ ಆಲಸನತ್ತಂನಿಂದ ತಂದ ಸೀಸೆಯೊಂದು ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಮತ್ತೆ ತಂದು ಕುದಿಸಿದೆ. ಅದೇ ಬಣ್ಣ.

ಆ ಸೀಸೆ ಕೊಟ್ಟಾಕೆ ಐವತ್ತು ದಾಟಿದ ವಿಧವೆ. ಇಬ್ಬರು ಗಂಡುಮಕ್ಕಳ ಜೊತೆ ಹೊಲ ಮಾಡುತ್ತಿದ್ದಳು. ಎಡಗಾಲಿನ ಬೆರಳಿಗೆ ಬಟ್ಟೆ ಸುತ್ತಿದ್ದಳು.

"ಹೊಲ್ದಲ್ಲಿ ರಾಗಿ ಕೂಳೆ ಚುಚ್ಚಿ ಮೂರ್ ತಿಂಗ್ಳಾತು, ಮಾಯ್ತಾನೇ ಇಲ್ಲ," ಎಂದಳು. "ಎಷ್ಟ್ ನೀರ್ ಕುಡುದ್ರೂ ಗಂಟ್ಲು ಒಣುಗ್ತದೆ. ಉಚ್ಚೆ ಉಯ್ದ್ ಕಡೆ ಇರುವೆ ಮುತ್ಕತ್ತವೆ. ನೀನ್ ಸೀಸೇಲಿ ಕುದ್ಸಿ ನೋಡಾದೇನು, ಇರುವೆ ಆವಾಗ್ಲೇ ನೋಡ್ಬುಟ್ಟವೆ."

ನಾನು ಮುಖ್ಯಸ್ಥರ ಮುಂದೆ ಕೆಂಪು ನಳಿಕೆ ಹಿಡಿದೆ. ಅವರು ಅದನ್ನು ನೋಡಲೂ ಇಲ್ಲ.

"ಆಕೆ ಅಕ್ಕಿ ತಿನ್ನೋಳು," ಎಂದರು.

"ಇಲ್ಲ ಸಾರ್. ಮೂರು ಹೊತ್ತೂ ರಾಗಿ. ನಾನೇ ಮನೆಗೆ ಹೋಗಿ ನೋಡಿದ್ದೇನೆ."

"ಹಾಗಾದರೆ ಸುಳ್ಳು ಹೇಳ್ತಾಳೆ. ಹಳ್ಳಿಯವರಿಗೆ ಸತ್ಯ ಗೊತ್ತಿದ್ದರೆ ನಾವು ಯಾಕೆ ಬೇಕಿತ್ತಯ್ಯ? ಅಕ್ಕಿಯವರ ಪಟ್ಟಿಗೆ ಸೇರಿಸು."

ನಾನು ಸೇರಿಸಿದೆ. ಇದನ್ನು ಬರೆಯದೆ ಬಿಟ್ಟರೆ ನಾನೂ ಆ ಮನುಷ್ಯನ ಜಾತಿಗೇ ಸೇರುತ್ತೇನೆ. ಒಬ್ಬ ಹೆಂಗಸನ್ನು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟಿಸಲು ನನಗೆ ಹಿಡಿದದ್ದು ಒಂದು ಗಳಿಗೆ. ಅಕ್ಷರ ದುಂಡಗೇ ಬಂದವು.

ವಾರದೊಳಗೆ ಆಕೆ ಕುಂಟಿಕೊಂಡು ಬಂಗಲೆಗೇ ಬಂದಳು. ಜೊತೆಗೆ ಹಿರಿಮಗ. ಮುಖ್ಯಸ್ಥರು ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಕುಳಿತಿದ್ದರು.

"ನನ್ ಉಚ್ಚೇಲಿ ಏನ್ ಸಿಕ್ತು ಬುದ್ದಿ?" ಎಂದು ಕೇಳಿದಳು.

"ಸಕ್ಕರೆ. ನೀನು ಅನ್ನ ಬಿಟ್ಟು ರಾಗಿ ತಿನ್ನು, ಹೋಗುತ್ತೆ."

ಆಕೆ ಮಗನ ಮುಖ ನೋಡಿದಳು, ಆಮೇಲೆ ಇವರ ಮುಖ ನೋಡಿದಳು. "ಅನ್ನವಾ? ನಮ್ಮನೇಲಿ ಅಕ್ಕಿ ಬೇಯಾದು ಹಬ್ಬಕ್ಕೆ, ಇಲ್ಲಾಂದ್ರೆ ತಿಥಿಗೆ. ಬಂದು ಮಡಕೆ ತಡವಿ ನೋಡಿ."

ಒಳಗೆ ಐಸ್ ಪೆಟ್ಟಿಗೆಯಲ್ಲಿ ಇನ್ಸುಲಿನ್ ಇತ್ತು. ಮೊಲಗಳ ಮೇಲೆ ಪ್ರಯೋಗಕ್ಕೆಂದು ತರಿಸಿದ್ದು. ಈಕೆಗೆ ಸ್ವಲ್ಪ ಕೊಟ್ಟು ಇಲ್ಲಿನ ಆಸ್ಪತ್ರೆಯ ಡಾಕ್ಟರರಿಂದ ಚುಚ್ಚಿಸೋಣ ಎಂದು ನಾನು ಮೆಲ್ಲಗೆ ಹೇಳಿದೆ. ಅವರು ಗಟ್ಟಿಯಾಗಿಯೇ ಉತ್ತರ ಕೊಟ್ಟರು: "ಅದು ಸಂಶೋಧನೆಗೆ ಬಂದದ್ದು. ಧರ್ಮಕ್ಕಲ್ಲ. ಮೊಲಗಳಿಗೆ ಕಡಿಮೆಯಾದರೆ ಯಾರು ಜವಾಬ್ದಾರಿ?"

"ಆಗ್ಲಿ ಬುಡಿ," ಎಂದಳಾಕೆ. "ಮೊಲ ಚೆಂದಾಗಿರ್ಲಿ."

ಮಾತಾಡಿ ಮುಗಿಸಿ ಮೆಟ್ಟಿಲಿಳಿದಳು. ಇಷ್ಟು ಸಣ್ಣ ಮಾತಿನಲ್ಲಿ ಒಬ್ಬ ದೊಡ್ಡ ಮನುಷ್ಯನನ್ನು ಉಗಿದು ಬಿಸಾಡುವುದನ್ನು ನಾನು ಆಮೇಲೆಲ್ಲೂ ಕೇಳಿಲ್ಲ. ಉಗಿಸಿಕೊಂಡವರಿಗೆ ಅದು ತಿಳಿಯಲೇ ಇಲ್ಲ. ಪತ್ರಿಕೆ ಬಿಡಿಸಿಕೊಂಡು ಓದತೊಡಗಿದರು.

ಮರುದಿನ ನಾನು ರಜೆ ಕೇಳದೆ ಆಕೆಯನ್ನೂ ಮಗನನ್ನೂ ಕರೆದುಕೊಂಡು ಇದ್ದಿಲು ಗ್ಯಾಸಿನ ಬಸ್ಸಿನಲ್ಲಿ ಬೆಂಗಳೂರಿಗೆ ಹೋದೆ. ದಾರಿಯಲ್ಲಿ ಎರಡು ಸಲ ಬಸ್ಸು ನಿಂತು, ಕಂಡಕ್ಟರ್ ಇಳಿದು ಹಿಂಬದಿಯ ಇದ್ದಿಲ ಒಲೆಗೆ ಗಾಳಿ ತಿರುವಿದ. ಆಸ್ಪತ್ರೆಯ ಡಾಕ್ಟರು ಆಕೆಯ ಬೆರಳಿನ ಬಟ್ಟೆ ಬಿಚ್ಚಿದವರೇ ನನ್ನ ಕಡೆ ತಿರುಗಿ, "ಇಷ್ಟು ದಿನ ಏನು ಮಾಡ್ತಿದ್ರಿ?" ಎಂದರು. ನಾನು ಪಟ್ಟಿ ಮಾಡುತ್ತಿದ್ದೆ. ಬೆರಳೊಂದನ್ನು ತೆಗೆದರು, ಕಾಲು ಉಳಿಯಿತು. ತಿಂಗಳೊಪ್ಪತ್ತು ಇನ್ಸುಲಿನ್ ಕೊಟ್ಟು, ಮುದ್ದೆ ಚಿಕ್ಕದು ಮಾಡು, ಸೊಪ್ಪು ಜಾಸ್ತಿ ಉಣ್ಣು ಎಂದು ಹೇಳಿ ಕಳಿಸಿದರು.

ಆಕೆ ಇನ್ನೂ ಆಸ್ಪತ್ರೆಯಲ್ಲಿದ್ದಾಗಲೇ ಮದರಾಸಿನಿಂದ ಒಬ್ಬ ಅಧಿಕಾರಿ ಬಂಗಲೆ ನೋಡಲು ಬಂದರು. ಮುಖ್ಯಸ್ಥರು ಪ್ರಬಂಧ ಓದಿದರು. "ರಾಗಿಯವರಲ್ಲಿ ಒಂದೂ ಇಲ್ಲವೇ?" ಎಂದು ಅಧಿಕಾರಿ ಬಾಯಿಮಾತಿಗೆ ನನ್ನನ್ನು ಕೇಳಿದರು.

"ಒಬ್ಬರಿದ್ದಾರೆ ಸಾರ್. ಆಕೆಯನ್ನು ಅಕ್ಕಿಯವರ ಪಟ್ಟಿಯಲ್ಲಿ ಸುಳ್ಳಾಗಿ ಬರೆದವನು ನಾನೇ. ಬರೆಸಿದವರು ಇವರು."

ಕೋಣೆ ಬಿದ್ದುಹೋಗುತ್ತದೆ ಎಂದುಕೊಂಡಿದ್ದೆ. ಅಧಿಕಾರಿ ಗಡಿಯಾರ ನೋಡಿಕೊಂಡರು. "ಒಂದು ಕೇಸಿನಿಂದ ಏನಾಗುತ್ತೆ, ಬಿಡಿ. ಊಟ ಎಷ್ಟು ಹೊತ್ತಿಗೆ?" ಎಂದರು. ಇಬ್ಬರೂ ಎದ್ದು ಬಿಳಿ ಅನ್ನ ಉಣ್ಣಲು ಹೋದರು.

ನಾನು ಎರಡು ಸಾಲಿನ ರಾಜೀನಾಮೆ ಬರೆದು ಮೇಜಿನ ಮೇಲಿಟ್ಟೆ. "ನಿನಗೆ ವಿಜ್ಞಾನದ ಶಿಸ್ತು ಇಲ್ಲ," ಎಂದರು ಮುಖ್ಯಸ್ಥರು. ಪ್ರಬಂಧ ಅಚ್ಚಾಯಿತು, ಅವರಿಗೊಂದು ಬಿರುದೂ ಬಂತು. ಆ ಬಿರುದಿಗೆ ಅವರು ತಕ್ಕವರೇ, ಅವರಿಗೆ ಆ ಬಿರುದೂ ತಕ್ಕದ್ದೇ.

ನಾನು ಕೃಷ್ಣಗಿರಿಯಲ್ಲಿ ಶಾಲೆಯ ಮೇಷ್ಟರಾದೆ. ಮರುವರ್ಷ ಹೊಸೂರಿನ ಸಂತೆಯಲ್ಲಿ ಆಕೆ ಸಿಕ್ಕಳು, ಅವರೆಕಾಯಿ ಮುಂದಿಟ್ಟುಕೊಂಡು ಕೂತಿದ್ದಳು. ಪಟ್ಟಿಯ ವಿಷಯ ಆಕೆಗೆ ಹೇಳಲೇಬೇಕೆನಿಸಿ ಎಲ್ಲವನ್ನೂ ಹೇಳಿದೆ. ಆಕೆ ಅವರೆಕಾಯಿ ರಾಶಿ ಸರಿಮಾಡುತ್ತಲೇ ಕೇಳಿಸಿಕೊಂಡಳು.

"ಅವ್ನು ಹೇಳ್ದ, ನೀನ್ ಬರ್ದೆ," ಎಂದಳು. "ಅವ್ನ್ಗೇನ್ ಗೊತ್ತಿತ್ತು? ನೀನು ನಮ್ಮನೆ ನೋಡಿದ್ಯಲ್ಲಪ್ಪಾ."

ಗಿರಾಕಿಯೊಬ್ಬ ಬಂದು ಕಾಯಿ ಹೇಗೆ ಎಂದು ಕೇಳಿದ. ಆಕೆ ನನ್ನನ್ನು ಅಲ್ಲೇ ಬಿಟ್ಟು ಅವನ ಕಡೆ ತಿರುಗಿದಳು.